ಬೀಗದ ಕೈ ಯಾರಿಗೆ?

ಬೆಳಿಗ್ಗೆ ಅಪ್ಪನ ಕಾಲದ ಜೋಡುನಳಿಗೆ ಕೋವಿ ಒರೆಸುತ್ತಾ ಕೂತಿದ್ದೆ. ಅದರ ಕುದುರೆಯ, ಅಂದರೆ ಗುಂಡು ಹಾರಿಸುವ ಕೀಲಿನ, ಪಕ್ಕದಲ್ಲಿ ಹೆಬ್ಬೆಟ್ಟಿನಷ್ಟಗಲ ತುಕ್ಕು. ಕಳೆದ ಸಲ ಒರೆಸದೆ ಇಟ್ಟಿದ್ದೆ ಅನ್ನಿಸುತ್ತೆ. ಬೆವರಿನ ಉಪ್ಪು ಉಕ್ಕನ್ನು ಸುಮ್ಮನೆ ಬಿಡುವುದಿಲ್ಲ. ಚರ್ಮದ ಚೀಲದಲ್ಲಿಟ್ಟದ್ದೂ ತಪ್ಪೇ, ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಬಟ್ಟೆ ಹಿಡಿದ ಕೈ ನಡುಗುತ್ತಿತ್ತು. ಆಗ ಮೊದಲ ಸಲ ನಿಜವಾಗಿ ಯೋಚನೆ ಬಂತು, ನನ್ನ ನಂತರ ಮನೆಯಲ್ಲಿರುವ ಈ ಕೋವಿಗಳ ಗತಿ ಏನು?

ಮನೆ, ಒಡವೆಯ ಹಾಗೆ ಕೋವಿ ಮಕ್ಕಳ ಕೈಗೆ ತಾನಾಗಿ ಹೋಗುವುದಿಲ್ಲ. ಬಹಳ ದೇಶಗಳಲ್ಲಿ ಪರವಾನಗಿ ಇರುವುದು ಮನುಷ್ಯನಿಗೆ, ಮನೆತನಕ್ಕಲ್ಲ. ನಾನು ಹೋದ ಮರುದಿನ ನನ್ನ ಹೆಂಡತಿ ಅಳುತ್ತಾ ಕೋವಿ ಕಪಾಟಿನ ಕೀ ಹುಡುಕಬೇಕೇ? ಅದು ಬೇಡ. ಅದಕ್ಕಿಂತ ಹೆದರಿಕೆ, ನಾನು ಇದ್ದೂ ನೆನಪು ಕೈಕೊಟ್ಟರೆ ಎಂಬುದು. ಆ ದಿನ ಕೀ ನನ್ನ ಬಳಿ ಇರಲೇಬಾರದು.

ಒಂದು ನೋಟ್‌ಬುಕ್ ತೆಗೆದು ಬರೆಯಲು ಶುರುಮಾಡಿದೆ: ಪ್ರತಿ ಕೋವಿಯ ನಂಬರು, ತಯಾರಕರ ಮುದ್ರೆ, ಎಲ್ಲಿಂದ ಬಂತು, ಕಾಗದ ಎಲ್ಲಿದೆ. ಹಳೇ ತೋಟಾಗಳನ್ನು (ಕೋವಿಗೆ ತುಂಬುವ ಗುಂಡುಗಳನ್ನು) ಮೊದಲು ಅಧಿಕಾರಿಗಳ ಮೂಲಕ ವಿಲೇವಾರಿ ಮಾಡಿಸಬೇಕು. 1898ರ ಮಾದರಿಯ ಜರ್ಮನ್ ಮೌಸರ್ ರೈಫಲನ್ನು ಯಾವುದಾದರೂ ಮ್ಯೂಸಿಯಂ ತಗೊಂಡರೆ ಕೊಟ್ಟುಬಿಡುತ್ತೇನೆ. ಮಗನಿಗೆ ಇದರಲ್ಲಿ ಆಸಕ್ತಿ ಇಲ್ಲ, ಒತ್ತಾಯಿಸಲ್ಲ. ಮಗಳು ಮಾತ್ರ, "ಅಪ್ಪಾ, ತಾತನ ಕೋವಿ ಮಾರಬೇಡ, ನಾನೇ ಪರವಾನಗಿಗೆ ಅರ್ಜಿ ಹಾಕ್ತೀನಿ" ಅಂದಳು.

ಅವಳ ಹೆಸರನ್ನು ಆ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಪರವಾನಗಿ ಬಂದ ದಿನ ಪೆನ್ನಿನಲ್ಲಿ ಬರೆಯುತ್ತೇನೆ.