ಶವಾಸನ ಅಮ್ಮನಿಗೆ ಒಗ್ಗಲಿಲ್ಲ

ಅಮ್ಮನಿಗೆ 72. ಬಿಪಿ ಮಾತ್ರೆ ಹೊಸದೇನಲ್ಲ. ಈ ಸಲ ಡಾಕ್ಟರು, “ದಿನಾ ಸ್ವಲ್ಪ ಹೊತ್ತು ಆರಾಮಾಗಿರೋದು ಕಲೀರಿ” ಅಂದರು. ಅಮ್ಮ ಆಟೋದಲ್ಲೇ ಶುರು ಮಾಡಿದಳು. “ಆರಾಮಾಗಿರೋದನ್ನೂ ಕಲೀಬೇಕಂತೆ ನೋಡು!”

ಮೊದಲು ಶವಾಸನ ಮಾಡಿಸಿದೆ. ಮುಂಬೈನ ಹೃದ್ರೋಗ ತಜ್ಞ ಕೆ.ಕೆ. ದಾತೆ ಮತ್ತು ಸಂಗಡಿಗರು ಬಿಪಿ ಇರುವವರಿಗೆ ಶವಾಸನ ಮಾಡಿಸಿ ನೋಡಿ, 1969ರಲ್ಲೇ ಅದರ ಬಗ್ಗೆ ಬರೆದಿದ್ದರಲ್ಲ, ಆ ಧೈರ್ಯ. ಚಾಪೆ ಹಾಸಿದೆ. ಅಮ್ಮ ಮಲಗಿ, ಮುಚ್ಚಿದ ಕಣ್ಣಲ್ಲೇ, “ಕುಕ್ಕರ್ ಎಷ್ಟು ಸಲ ಕೂಗ್ತು?” ಅಂದಳು. ಸ್ವಲ್ಪ ಹೊತ್ತಿಗೆ ಸೊಂಟ ನೋವು. ಏಳುವಾಗ ತಲೆ ಸುತ್ತಿ ಗೋಡೆ ಹಿಡಿದಳು. ವಯಸ್ಸಾದವರು ಮಲಗಿದ್ದಲ್ಲಿಂದ ದಿಢೀರನೆ ಎದ್ದರೆ ಬಿಪಿ ಇಳಿದುಬಿಡಬಹುದು. ಮಾತ್ರೆ ತಗೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ. ಪಕ್ಕಕ್ಕೆ ಹೊರಳಿ, ಕೂತು, ಸುಧಾರಿಸಿಕೊಂಡು ಏಳಬೇಕು.

ಚಾಪೆ ಸುತ್ತಿಟ್ಟು ಕುರ್ಚಿ ಎಳೆದೆ. ಬೆನ್ನಿಗೆ ದಿಂಬು, ಪಾದ ನೆಲದ ಮೇಲೆ. ಮೂಗಿನಿಂದ ಉಸಿರು ಎಳೆದು, ಎಳೆದಿದ್ದಕ್ಕಿಂತ ನಿಧಾನವಾಗಿ ಬಿಡುವುದು. ನಿಮಿಷಕ್ಕೆ ಆರೇಳು ಉಸಿರು ಸಾಕು. ಉಸಿರು ಬಿಡುವಾಗ ಎದೆಬಡಿತ ತಾನಾಗೇ ನಿಧಾನವಾಗುತ್ತದೆ, ಬಿಡುವುದನ್ನು ಉದ್ದ ಮಾಡುವುದು ಅದಕ್ಕೇ. ಉಸಿರು ಬಿಗಿಹಿಡಿಯುವ ಕುಂಭಕ ಮಾತ್ರ ಬಿಪಿ ಇರುವವರಿಗೆ ಬೇಡ.

ನಾನು ಪಕ್ಕದಲ್ಲಿ ಕೂತು ಒಂದು, ಎರಡು ಅಂತ ಎಣಿಸಿದೆ. “ಪಿ.ಟಿ. ಮೇಷ್ಟ್ರ ಥರ ಎಣಿಸ್ಬೇಡ, ಸುಮ್ನಿರು” ಅಂತ ಬೈದು, ಉಸಿರು ಬಿಡುತ್ತಾ ದೇವರನಾಮದ ಒಂದು ಸಾಲನ್ನು ಬಾಯಿ ಮುಚ್ಚಿಕೊಂಡೇ ಗುನುಗಿದಳು. ಸಾಲು ಮುಗಿಯುವ ತನಕ ಉಸಿರು ಎಳೆಯುವ ಹಾಗಿಲ್ಲ. ಪ್ರಾಣಾಯಾಮದಲ್ಲಿ ಭ್ರಾಮರಿ ಅಂತ ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ಕಿವಿಯ ಹತ್ತಿರವೇ ಇರುತ್ತಿದ್ದ ಭುಜ ಕೆಳಗಿಳಿಯಿತು. ಸೆರಗಿನ ತುದಿ ಹಿಂಡುತ್ತಿದ್ದ ಬೆರಳುಗಳು ಸಡಿಲವಾದವು.

ಸಂಜೆ ಬಿಪಿ ಮಿಷನ್ ಹಚ್ಚಿದೆವು. 152/86. ಕೈಗೆ ಪಟ್ಟಿ ಕಟ್ಟಿದ್ದರೂ ಅಮ್ಮ ಪಕ್ಕದ ಮನೆಯ ಬಾಡಿಗೆ ಜಗಳ ಹೇಳುತ್ತಲೇ ಇದ್ದಳು. ಮಾತಾಡಿದರೂ ಬಿಪಿ ಏರುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದರೆ 140/82. ಇದರಲ್ಲಿ ಗುನುಗಿದ್ದರ ಪಾಲೆಷ್ಟು, ಬಾಯಿ ಮುಚ್ಚಿದ್ದರ ಪಾಲೆಷ್ಟು, ದೇವರೇ ಬಲ್ಲ.

“ಹಾಗಾದ್ರೆ ಮಾತ್ರೆ ಬಿಡ್ಲಾ?”

“ಡಾಕ್ಟರು ಹೇಳೋ ತನಕ ಬಿಡೋ ಹಾಗಿಲ್ಲ.”

“ಹೋಗ್ಲಿ, ಉಪ್ಪಿನಕಾಯಿ?”

“ಅದೂ ಇಲ್ಲಮ್ಮ.”

“ಮತ್ತೆ ಇಷ್ಟು ಹೊತ್ತು ಉಸಿರು ಬಿಟ್ಟಿದ್ದು ಯಾತಕ್ಕೆ?”