ಕೊನೆಯ ಪುಟದಿಂದ ಓದುತ್ತಿದ್ದ ಮೇಷ್ಟ್ರು

ರಾಜ್ಯಶಾಸ್ತ್ರದ ನಮ್ಮ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಪಠ್ಯದಲ್ಲಿ ಏನೇನಿತ್ತೋ ನಮ್ಮ ಬ್ಯಾಚಿನ ಯಾರಿಗೂ ಈಗ ನೆನಪಿಲ್ಲ. ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳನ್ನು, ಅಂದರೆ ಪರಸ್ಪರರ ಹೂಡಿಕೆದಾರರಿಗೆ ರಕ್ಷಣೆ ಕೊಡುತ್ತೇವೆಂದು ಎರಡು ದೇಶಗಳು ಮಾಡಿಕೊಳ್ಳುವ ಕರಾರುಗಳನ್ನು, ಅವರು ಓದುತ್ತಿದ್ದ ರೀತಿಯನ್ನು ಮಾತ್ರ ಮರೆಯಲಾಗದು. ಯಾವ ಒಪ್ಪಂದ ಕೈಗೆ ಬಂದರೂ ಮೊದಲು ಕೊನೆಯ ಪುಟ ತೆಗೆಯುತ್ತಿದ್ದರು. ರದ್ದಾದ ಮೇಲೂ ಅದು ಎಷ್ಟು ವರ್ಷ ಕಾಡುತ್ತದೆ ಎನ್ನುವುದು ಅಲ್ಲೇ ಇರುತ್ತದೆ. 1994ರಲ್ಲಿ ಬ್ರಿಟನ್ ಜೊತೆ ಆದದ್ದು ಭಾರತದ ಮೊದಲ ಇಂಥ ಒಪ್ಪಂದ. 2017ರಲ್ಲಿ ಅದು ಮುಗಿಯಿತು, ಆದರೆ ಅಷ್ಟರೊಳಗೆ ಹೂಡಿದ್ದ ಹಣಕ್ಕೆ ಇನ್ನೂ 15 ವರ್ಷ ರಕ್ಷಣೆ.

ಅವರ ಸಂಶೋಧನೆಯೆಂದರೆ ಒಂದು ದೊಡ್ಡ ಎಕ್ಸೆಲ್ ಹಾಳೆ. ಒಂದು ಸಾಲಿಗೆ ಒಂದು ಒಪ್ಪಂದ. ಸಹಿಯಾದ ದಿನ ಒಂದು ಕಾಲಂ, ಜಾರಿಯಾದ ದಿನ ಇನ್ನೊಂದು. ಜಗತ್ತಿನ ಮೊದಲನೆಯದಾದ ಜರ್ಮನಿ–ಪಾಕಿಸ್ತಾನ ಒಪ್ಪಂದಕ್ಕೆ ಸಹಿ ಬಿದ್ದದ್ದು 1959ರಲ್ಲಿ, ಜಾರಿಯಾದದ್ದು 1962ರಲ್ಲಿ. ಇವೆರಡನ್ನು ಕಲಸಿದರೆ ಬಂಡವಾಳ ಒಪ್ಪಂದದಿಂದ ಬಂತೋ, ಅದಕ್ಕೂ ಮೊದಲೇ ಬಂತೋ ಎಂಬ ಲೆಕ್ಕವೇ ಕೆಡುತ್ತದೆ. ಒಂದೇ ಒಪ್ಪಂದವನ್ನು ಇಬ್ಬರು ಬೇರೆಬೇರೆ ಕೂತು ತುಂಬಬೇಕು. ಉತ್ತರ ಹೊಂದದ ಕಡೆ ಮೂಲ ತೆಗೆದು ಜಗಳವಾಡಬೇಕು. ಜಗಳಕ್ಕೆ ಕಾರಣ ಸಾಮಾನ್ಯವಾಗಿ ಹಿಂದೆ ಅಂಟಿಸಿದ ಪ್ರೋಟೊಕಾಲ್ (ಪೂರಕ ಷರತ್ತುಗಳ ಪುಟ) ಅನ್ನು ಒಬ್ಬರು ಓದದೇ ಬಿಟ್ಟಿರುವುದು.

ಅವರನ್ನು ಹೆಚ್ಚು ಸತಾಯಿಸಿದ್ದು ನಮ್ಮ ಬೆಂಗಳೂರಿನದೇ ವ್ಯಾಜ್ಯ. ದೇವಾಸ್ ಎಂಬ ಖಾಸಗಿ ಕಂಪನಿಯ ಜೊತೆ ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ 2005ರಲ್ಲಿ ಮಾಡಿಕೊಂಡ ಉಪಗ್ರಹ ಕರಾರು 2011ರಲ್ಲಿ ರದ್ದಾಯಿತು. ದೇವಾಸ್‌ನಲ್ಲಿ ಹಣ ಹಾಕಿದ್ದವರಲ್ಲಿ ಮಾರಿಷಸ್ ಹೂಡಿಕೆದಾರರು ಆ ದೇಶದ ಒಪ್ಪಂದ ಹಿಡಿದು ಬಂದರು, ಡಾಯ್ಚ ಟೆಲಿಕಾಂ ಜರ್ಮನಿಯ ಒಪ್ಪಂದ ಹಿಡಿದು ಬಂತು. ಸರ್ಕಾರದ ಕ್ರಮ ಒಂದು, ಮೊಕದ್ದಮೆ ಎರಡು. ಯಾವುದನ್ನು ಎಣಿಸುತ್ತೇವೆಂದು ಮೊದಲೇ ಬರೆದಿಡದಿದ್ದರೆ ಕೋಷ್ಟಕದ ಮೊತ್ತ ಸುಳ್ಳಾಗುತ್ತದೆ.

ಇನ್ನು ತುಂಟಾಟ. ಹಾಸ್ಟೆಲ್ ಹುಡುಗರು ಕ್ಯಾಂಟೀನಿನ ಗೋಡೆಗೆ ಒಂದು ‘ಒಪ್ಪಂದ’ ಅಂಟಿಸಿದ್ದರು. ‘ಬೇರೆಯವರಿಗೆ ಕೊಡುವ ಸವಲತ್ತೆಲ್ಲ ನಮಗೂ ಸಲ್ಲತಕ್ಕದ್ದು’ ಎಂಬುದು ಅದರ ಮೂರನೇ ಕಲಮು. ಮೇಷ್ಟ್ರುಗಳಿಗೆ ಟೀ ಪುಕ್ಕಟೆ ಇತ್ತಲ್ಲ, ಅದೇ ಗುರಿ! ಅವರು ಅದನ್ನು ಕಿತ್ತು ತಂದು ಕೆಂಪು ಇಂಕಿನಲ್ಲಿ ತಿದ್ದಿ, ತರಗತಿಯಲ್ಲಿ ಗಟ್ಟಿಯಾಗಿ ಓದಿ, ವೈಟ್ ಇಂಡಸ್ಟ್ರೀಸ್ ಪ್ರಕರಣಕ್ಕೆ ಬಂದರು. ಕೋಲ್ ಇಂಡಿಯಾ ವಿರುದ್ಧ ಮಧ್ಯಸ್ಥಿಕೆಯಲ್ಲಿ ಗೆದ್ದಿದ್ದ ಆ ಆಸ್ಟ್ರೇಲಿಯಾ ಕಂಪನಿಯ ಹಣ ನಮ್ಮ ಕೋರ್ಟುಗಳಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು. ಹಕ್ಕು ಸಾಧಿಸಲು ಪರಿಣಾಮಕಾರಿ ದಾರಿ ಕೊಡಬೇಕೆಂಬ ಮಾತು ಆಸ್ಟ್ರೇಲಿಯಾದ ಒಪ್ಪಂದದಲ್ಲಿ ಇರಲಿಲ್ಲ, ಕುವೈತ್‌ನದರಲ್ಲಿ ಇತ್ತು. ಹುಡುಗರ ಮೂರನೇ ಕಲಮಿನಂಥದ್ದೇ ಆದ ‘ಪರಮಾಪ್ತ ರಾಷ್ಟ್ರ’ದ ಕಲಮಿನ ಮೂಲಕ ಅದನ್ನು ಎರವಲು ತಂದು ಕಂಪನಿ 2011ರಲ್ಲಿ ಭಾರತದ ಮೇಲೆ ಗೆದ್ದಿತು. ಟೀ ಮಾತ್ರ ಯಾರಿಗೂ ಪುಕ್ಕಟೆ ಸಿಗಲಿಲ್ಲ.

ಈಗಿನ ಮಕ್ಕಳು ಯಾರೋ ತುಂಬಿಟ್ಟ ದತ್ತಾಂಶ ಇಳಿಸಿಕೊಂಡು ಸೀದಾ ಗ್ರಾಫ್ ಬರೆಯುತ್ತಾರೆ. ಸೆಮಿಸ್ಟರಿನ ಅವಸರ, ಪಾಪ, ಅವರದೇನು ತಪ್ಪು. ಆದರೂ ನಮ್ಮ ಬ್ಯಾಚಿನವರು ಇಂದಿಗೂ ಸಿದ್ಧ ಕೋಷ್ಟಕದಲ್ಲಿ ತಪ್ಪು ಹಿಡಿಯಬಲ್ಲರು ಎಂದರೆ ಜಂಬವೆನ್ನಬೇಡಿ.

ವಿಭಾಗದಲ್ಲಿ ಯಾರಾದರೂ ಆ ಹಾಳೆ ಮುಂದುವರಿಸುವುದಾದರೆ ಒಂದು ಸೂಚನೆ: ‘ಮೊದಲು ಸ್ಥಳೀಯ ಕೋರ್ಟಿಗೆ’ ಎಂಬ ಕಾಲಮಿನಲ್ಲಿ ಹೌದು–ಇಲ್ಲ ಸಾಲದು, ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗುವ ಮೊದಲು ಹೂಡಿಕೆದಾರ ಇಲ್ಲಿನ ಕೋರ್ಟಿನಲ್ಲಿ ಎಷ್ಟು ವರ್ಷ ಪ್ರಯತ್ನಿಸಬೇಕೆಂದು ಬರೆಯಿರಿ. ಭಾರತದ 2015ರ ಮಾದರಿ ಒಪ್ಪಂದದಲ್ಲಿ ಅದು 5. 2024ರ ಯುಎಇ ಒಪ್ಪಂದದಲ್ಲಿ 3.