ಲೋಕಲ್ ಅಸಿಸ್ಟೆಂಟ್ಸ್

ನಮ್ಮ ಕಪ್ಪೆ ರಿಸರ್ಚ್ ಪೇಪರಿನ ಕೊನೇಲಿ ಒಂದು ಪ್ಯಾರಾ ಇದೆ, ಫೆಲೋಶಿಪ್ ಕೊಟ್ಟೋರಿಗೆ, ಅರಣ್ಯ ಇಲಾಖೆಗೆ, ಲ್ಯಾಬಿನವರಿಗೆಲ್ಲ ಥ್ಯಾಂಕ್ಸ್ ಹೇಳಿ ಆಮೇಲೆ "ಲೋಕಲ್ ಅಸಿಸ್ಟೆಂಟ್ಸ್‌ಗೂ" ಅಂತ ಮುಗಿಯುತ್ತೆ. ಬರೆದಿದ್ದು ನಾನೇ. ಅಸಿಸ್ಟೆಂಟ್ಸ್ ಅಂದ್ರೆ ಹತ್ತು ಜನ ಅಲ್ಲ, ಇದ್ದಿದ್ದು ಒಬ್ರೇ ಅಣ್ಣ. ಬಹುವಚನ ಯಾಕೆ ಹಾಕ್ದೆ ಅಂತ ನಂಗೂ ಗೊತ್ತಿಲ್ಲ.

ಎರಡು ಮಳೆಗಾಲ ಹೊನ್ನಾವರದ ಘಟ್ಟದ ಕಡೆ ಹಳ್ಳಗಳಲ್ಲಿ ರಾತ್ರಿ ಹೊತ್ತು ಕೂಗೋ ಗಂಡುಕಪ್ಪೆ ಲೆಕ್ಕ ಹಾಕೋದು ನನ್ನ ಕೆಲಸ. ಕಂಬಳಿಕೊಪ್ಪೆ ಹಾಕ್ಕೊಂಡು ಮುಂದೆ ಅವರು, ಹಿಂದೆ ನಾನು, ಹಣೆಗೆ ಟಾರ್ಚು, ಕೈಯಲ್ಲಿ ಒದ್ದೆ ಡೇಟಾ ಶೀಟು, ಕಾಲ್ತುಂಬ ಉಂಬಳ. ನಾನು ಕೂಗು ಕೇಳಿ ಗೀಟು ಎಳೆಯೋಕೆ ಹೋದ್ರೆ "ಅದು ಕಪ್ಪೆ ಅಲ್ಲ ತಂಗೀ, ಜೀರುಂಡೆ" ಅನ್ನೋರು, ತಿರುಗೂ ನೋಡದೆ. ಮೊದಲ ವಾರದ ಶೀಟುಗಳನ್ನ ಹಾಗೇ ಹರಿದು ಬಿಸಾಕಿದೀನಿ. ಆ ಕಡೆ ಒಂದು ಕಪ್ಪೆ ಇದೆ, ಹಳ್ಳದ ಮಣ್ಣನ್ನ ಮುಂಗಾಲಲ್ಲಿ ಎತ್ತಿ ಮೊಟ್ಟೆಗೆ ಮೆತ್ತುತ್ತೆ, 2014ರಲ್ಲಿ ಅದಕ್ಕೆ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಅಂತ ಹೆಸರಿಟ್ರು. ಕಪ್ಪೆಗಾದ್ರೂ ಕನ್ನಡ ಹೆಸರಲ್ಲಿ ಜರ್ನಲ್ಲೊಳಗೆ ಜಾಗ ಸಿಕ್ತಲ್ಲ.

ಪೇಪರ್ ಬರೆಯೋವಾಗ ಇವರ ಹೆಸರು ಆಥರ್ ಲಿಸ್ಟಿಗೆ ಹಾಕೋಣ್ವಾ ಅಂತ ಮೆಲ್ಲಗೆ ಕೇಳಿದೆ. ಸೀನಿಯರ್ ಒಬ್ರು ರೂಲ್ಸ್ ತೋರಿಸಿದ್ರು. ಮೆಡಿಕಲ್ ಜರ್ನಲ್ ಎಡಿಟರ್‌ಗಳ ಸಮಿತಿ ಐಸಿಎಂಜೆಇ ಮಾಡಿರೋ 4 ಷರತ್ತು, ಈಗ ಬೇರೆ ವಿಷಯದವರೂ ಅದನ್ನೇ ಹಿಡ್ಕೊಂಡಿದಾರೆ: ಕೆಲಸದಲ್ಲೋ ಡೇಟಾದಲ್ಲೋ ಗಟ್ಟಿ ಪಾಲು ಇರ್ಬೇಕು, ಡ್ರಾಫ್ಟ್ ಬರೆದಿರ್ಬೇಕು ಇಲ್ಲಾ ತಿದ್ದಿರ್ಬೇಕು, ಕೊನೇ ಪ್ರತಿ ಒಪ್ಪಿರ್ಬೇಕು, ನಾಳೆ ಯಾರಾದ್ರೂ ಕೇಳಿದ್ರೆ ಜವಾಬು ಕೊಡ್ಬೇಕು. "ಅವ್ರು ಇಂಗ್ಲಿಷ್ ಡ್ರಾಫ್ಟ್ ಓದ್ತಾರಾ?" ಅಂದ್ರು. ನಾನು ಸುಮ್ಮನಾದೆ. ಅದೇ ಪೇಪರಲ್ಲಿ ರೆಕಾರ್ಡರ್ ಎರವಲು ಕೊಟ್ಟ ಒಬ್ರ ಹೆಸರು ಮೂರನೇದಾಗಿ ಕೂತಿದೆ, ಅವರು ಹಳ್ಳ ನೋಡಿಲ್ಲ, ಡ್ರಾಫ್ಟ್ ಓದಿದ್ರೋ ಇಲ್ವೋ ದೇವರೇ ಬಲ್ಲ. ಅಲ್ಲಿ ಮಾತ್ರ ರೂಲ್ಸ್ ಯಾರಿಗೂ ನೆನಪಾಗ್ಲಿಲ್ಲ, ನನಗೂ.

ನಮ್ಮ ಬೆಂಗಳೂರಲ್ಲಿ ಇದು ಹೊಸದೇನಲ್ಲ ಬಿಡಿ. 1933ರಲ್ಲಿ ಕಮಲಾ ಭಾಗವತ್ (ಆಮೇಲೆ ಸೊಹೋನಿ) ಐಐಎಸ್ಸಿಗೆ ಅರ್ಜಿ ಹಾಕ್ದಾಗ ಹೆಂಗಸರನ್ನ ತಗೊಳಲ್ಲ ಅಂದವರು ಆಗ ಅಲ್ಲಿ ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್. ಆಕೆ ಪಟ್ಟು ಬಿಡ್ಲಿಲ್ಲ, ಕೊನೆಗೆ ಒಂದು ವರ್ಷ ಪ್ರೊಬೇಷನ್ ಅಂತ ಸೇರಿಸ್ಕೊಂಡ್ರು, ಗಂಡಸರ ಏಕಾಗ್ರತೆ ಕೆಡಿಸಬಾರದು ಅನ್ನೋ ಷರತ್ತು ಬೇರೆ! 1939ರಲ್ಲಿ ಕೇಂಬ್ರಿಡ್ಜಿಂದ ಪಿಎಚ್‌ಡಿ ತಗೊಂಡ್ರು. ಈ ಕಥೆ ಎಲ್ರೂ ಖುಷಿಯಾಗಿ ಹೇಳ್ತಾರೆ, ಗೆದ್ದ ಕಥೆ ಅಲ್ವಾ. ನನ್ನ ತಲೇಲಿ ಕೂತಿರೋದು ಭೌತವಿಜ್ಞಾನಿ ಅನ್ನಾ ಮಣಿ. ರಾಮನ್ ಲ್ಯಾಬಲ್ಲೇ ವಜ್ರ, ಮಾಣಿಕ್ಯದ ಬೆಳಕಿನ ಮೇಲೆ ಕೆಲಸ ಮಾಡಿ 5 ಪೇಪರ್ ಬರೆದು 1945ರಲ್ಲಿ ಥೀಸಿಸ್ ಕೊಟ್ರು. ಎಂಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡ್ಲಿಲ್ಲ. ಅಲ್ಲಿ ಯಾರೂ ಕೂಗಾಡಿರಲಿಕ್ಕಿಲ್ಲ, ಫೈಲ್ ನೋಡಿ ರೂಲ್ ಹೀಗಿದೆ ಅಂದಿರ್ತಾರೆ ಅಷ್ಟೇ, ನಮ್ಮ ಸೀನಿಯರ್ ಥರ.

ಹೋದ ವರ್ಷ ಜೂನಿಯರ್ ಒಬ್ಳಿಗೆ ಹೇಳ್ಕೊಡೋಕೆ ಅಂತ ಅದೇ ರೂಲ್ಸ್ ಪೂರ್ತಿ ಓದ್ದೆ. ಆ 4 ಷರತ್ತಿನ ಕೆಳಗೇ ಇದೆ: ಮೊದಲನೇದು ಪೂರೈಸಿದವರಿಗೆ ಡ್ರಾಫ್ಟ್ ನೋಡೋ, ಒಪ್ಪೋ ಅವಕಾಶ ನೀವೇ ಕೊಡ್ಬೇಕು, ಅವಕಾಶ ಕೊಡದೆ ಇದ್ದು ಆಮೇಲೆ ಷರತ್ತು ತೋರಿಸಿ ಹೊರಗಿಡೋ ಹಾಗಿಲ್ಲ. ನಾವು ಮಾಡಿದ್ದು ಅದನ್ನೇ. ಕನ್ನಡದಲ್ಲಿ ಓದಿ ಹೇಳೋಕೆ ಒಂದು ಸಂಜೆ ಸಾಕಿತ್ತು.

ನಾಚಿಕೆ ಬಿಟ್ಟು ಫೋನ್ ಮಾಡ್ದೆ. ಊಟ ಆಯ್ತಾ, ಅಡಿಕೆ ಕೊಯ್ಲು ಹೆಂಗಿದೆ ಎಲ್ಲಾ ಆದ್ಮೇಲೆ, ಅಣ್ಣಾ ನಮ್ಮ ಕಪ್ಪೆ ಲೆಕ್ಕದಲ್ಲಿ ಏನು ಬಂತು ಗೊತ್ತಾ ಅಂತ ಒಂದೊಂದೇ ಹಳ್ಳದ್ದು ಕನ್ನಡದಲ್ಲಿ ಹೇಳ್ತಾ ಹೋದೆ. ಅರ್ಧ ಗಂಟೆ ಹೂಂ ಹೂಂ ಅಂತಿದ್ರು. ನಾಲ್ಕನೇ ಹಳ್ಳಕ್ಕೆ ಬಂದಾಗ ತಡೆದ್ರು.

"ಹಳೇ ಸಂಕದ ಹತ್ರ ಎರಡು ಅಂತ ಬರ್ದಿದೀಯಾ? ಎರಡಲ್ಲ ತಂಗೀ, ಒಂದೇ. ಕೂಗ್ತಾ ಕೂಗ್ತಾ ಬಂಡೆಯಿಂದ ಬಂಡೆಗೆ ಹಾರ್ತಿತ್ತು. ನಾ ಆವತ್ತೇ ಹೇಳಿದ್ದೆ, ಮಳೆ ಸದ್ದಿಗೆ ನಿಂಗೆ ಕೇಳ್ಲಿಲ್ಲ."

ಫೋನ್ ಕಿವೀಲೇ ಇಟ್ಕೊಂಡು ಲ್ಯಾಪ್‌ಟಾಪಲ್ಲಿ ಹಳೇ ಎಕ್ಸೆಲ್ ಶೀಟು ತೆಗ್ದೆ.